ಗುಟ್ಟು ಗೊತ್ತಿದ್ದರೂ ಓದಿಸುವ ಥ್ರಿಲ್ಲರ್‌ಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

ಯಾವ ಥ್ರಿಲ್ಲರ್ ಓದಲಿ ಅಂತ ಕೇಳಿದ್ದೀಯ. ಎಲ್ಲರೂ ಹೊಗಳುವ ಪುಸ್ತಕಗಳೂ ಕೊನೆಯ ಐವತ್ತು ಪುಟಕ್ಕೆ ಬಂದಾಗ ಯಾಕೆ ಸಪ್ಪೆಯಾಗುತ್ತವೆ ಅಂತಲೂ ಕೇಳಿದ್ದೀಯ. ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಬರೆದವರು ನಮ್ಮಿಂದ ಏನನ್ನು ಮುಚ್ಚಿಟ್ಟರು, ಅದನ್ನು ಮುಚ್ಚಿಡುವುದು ನ್ಯಾಯವಾಗಿತ್ತೇ ಎಂದು ನೋಡಬೇಕು. ಇತ್ತೀಚೆಗೆ ಓದಿದ ಕೆಲವು ಕಾದಂಬರಿಗಳನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಯಾವುದರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ, ಧೈರ್ಯವಾಗಿ ಓದು.

ಮೊದಲು ಕೇಯ್ಗೊ ಹಿಗಶಿನೊ ಬರೆದ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'. 2005ರಲ್ಲಿ ಜಪಾನಿನಲ್ಲಿ ಬಂದ ಪುಸ್ತಕ, ಅಲ್ಲಿನ ನವೋಕಿ ಪ್ರಶಸ್ತಿ ಪಡೆದದ್ದು, 2011ರಲ್ಲಿ ಇಂಗ್ಲಿಷಿಗೆ ಬಂತು. ಇದರಲ್ಲಿ ಕೊಲೆ ಶುರುವಿನಲ್ಲೇ, ನಮ್ಮ ಕಣ್ಣೆದುರೇ ನಡೆಯುತ್ತದೆ. ಕಾಟ ಕೊಡುತ್ತಿದ್ದ ಮಾಜಿ ಗಂಡನನ್ನು ಯಾಸುಕೊ ಮತ್ತು ಅವಳ ಮಗಳು ಮನೆಯೊಳಗೇ ಕೊಲ್ಲುತ್ತಾರೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ಸಹಾಯಕ್ಕೆ ಬರುತ್ತಾನೆ. ಕೊಂದವರು ಯಾರು, ಯಾಕೆ ಕೊಂದರು, ಹೇಗೆ ಕೊಂದರು, ಎಲ್ಲ ನಮಗೆ ಗೊತ್ತು. ಪೊಲೀಸರಿಗಿಂತ ನಾವು ಮುಂದಿದ್ದೇವೆ ಅನ್ನಿಸುತ್ತದೆ. ನಾವು ಮೈಮರೆಯುವುದು ಅಲ್ಲೇ.

ಇಶಿಗಾಮಿ ತನ್ನ ಪರೀಕ್ಷೆಯ ಪ್ರಶ್ನೆಗಳ ಬಗ್ಗೆ ಒಂದು ಮಾತು ಹೇಳುತ್ತಾನೆ. ನೋಡಲು ರೇಖಾಗಣಿತದ ಲೆಕ್ಕ, ಬಿಡಿಸಬೇಕಾದದ್ದು ಬೀಜಗಣಿತದಲ್ಲಿ. ಇಡೀ ಕಾದಂಬರಿಯನ್ನು ಹಿಗಶಿನೊ ಇದೇ ಸೂತ್ರದ ಮೇಲೆ ಕಟ್ಟಿದ್ದಾನೆ. ಪೊಲೀಸರ ಜೊತೆ ನಾವೂ ತಪ್ಪು ಲೆಕ್ಕವನ್ನು ಶ್ರದ್ಧೆಯಿಂದ ಬಿಡಿಸುತ್ತಾ ಕೂರುತ್ತೇವೆ. ಮುಗಿಸಿದ ಮೇಲೆ ಮೊದಲ ಅಧ್ಯಾಯಕ್ಕೆ ಹಿಂತಿರುಗಿ, ಇಶಿಗಾಮಿ ಮನೆಯಿಂದ ಶಾಲೆಗೆ ನಡೆದು ಹೋಗುವ ಪುಟಗಳನ್ನು ಮತ್ತೊಮ್ಮೆ ಓದು. ಬರೀ ವಾತಾವರಣಕ್ಕೆ ಬರೆದಂತಿದ್ದ ಸಾಲುಗಳು ಬೇರೆಯೇ ಆಗಿ ಕಾಣುತ್ತವೆ. ಅಲ್ಲಿ ಒಂದು ಸಾಲೂ ಸುಳ್ಳಿಲ್ಲ. ನನ್ನ ಮಟ್ಟಿಗೆ ಥ್ರಿಲ್ಲರ್‌ಗೆ ಇರುವ ನಿಜವಾದ ಪರೀಕ್ಷೆ ಇದು: ಗುಟ್ಟು ತಿಳಿದವನಾಗಿ ಎರಡನೇ ಸಲ ಓದಿದಾಗ ಪ್ರತಿ ವಾಕ್ಯವೂ ನಿಲ್ಲಬೇಕು.

ಫ್ರೆಡೆರಿಕ್ ಫೋರ್ಸೈತ್‌ನ 'ದಿ ಡೇ ಆಫ್ ದ ಜಾಕಲ್' (1971) ಇನ್ನೂ ದಿಟ್ಟ ಪುಸ್ತಕ. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್‌ನನ್ನು 1963ರಲ್ಲಿ ಕೊಲ್ಲಲು ಐದು ಲಕ್ಷ ಡಾಲರಿಗೆ ಒಪ್ಪಿಕೊಂಡ ಬಾಡಿಗೆ ಹಂತಕನ ಕಥೆ. ಡಿ ಗಾಲ್ ಸಹಜವಾಗಿ ತೀರಿಕೊಂಡದ್ದು 1970ರಲ್ಲಿ, ಪುಸ್ತಕ ಬರುವ ಮುಂಚಿನ ವರ್ಷ. ಅಂದರೆ ಹಂತಕ ಸೋಲುತ್ತಾನೆ ಅನ್ನುವುದು ಮೊದಲ ಪುಟ ತಿರುವುವ ಮುನ್ನವೇ ಎಲ್ಲರಿಗೂ ಗೊತ್ತು. ಆದರೂ ಉಸಿರು ಬಿಗಿ ಹಿಡಿದು ಓದುತ್ತೇವೆ. ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಫೋರ್ಸೈತ್ ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತಾನೆ. ಸ್ಮಶಾನದಲ್ಲಿ ಸತ್ತ ಮಗುವಿನ ಹೆಸರು ಹುಡುಕಿ, ಅದರ ಜನನ ಪತ್ರದಿಂದ ನಕಲಿ ಪಾಸ್‌ಪೋರ್ಟ್ ಮಾಡಿಸುವುದು. ಬೆಲ್ಜಿಯಂನ ಕುಶಲಕರ್ಮಿಯಿಂದ ಬಿಡಿ ಭಾಗಗಳಾಗಿ ಬಿಚ್ಚಬಹುದಾದ ರೈಫಲ್ ಮಾಡಿಸುವುದು. ಕಾಡಿನಲ್ಲಿ ಕರಬೂಜ ನೇತುಹಾಕಿ ದೂರದರ್ಶಕದ ಗುರಿಯನ್ನು ಸರಿಪಡಿಸಿಕೊಳ್ಳುವುದು. ಪ್ರತಿ ಹಂತವೂ ಮುಗಿದಾಗ, ಈ ಮನುಷ್ಯ ಗೆದ್ದರೂ ಗೆದ್ದಾನು ಅನ್ನಿಸುತ್ತದೆ. ಅವನನ್ನು ಹಿಡಿಯಬೇಕಾದ ಪೊಲೀಸ್ ಅಧಿಕಾರಿ ಲೆಬೆಲ್ ಕಣಕ್ಕಿಳಿಯುವುದು ಎರಡನೇ ಭಾಗದಲ್ಲಿ. ಅವನಿಗೋ ಸುದ್ದಿ ಹೊರಗೆ ಹೋಗಬಾರದು ಎಂಬ ಕಟ್ಟಪ್ಪಣೆ. ಒಬ್ಬನಿಗೆ ದಿನಾಂಕದ ಗಡುವು, ಇನ್ನೊಬ್ಬನಿಗೆ ಬಾಯಿ ಬಿಡುವಂತಿಲ್ಲ. ಈ ಎರಡು ಇಕ್ಕಟ್ಟುಗಳ ನಡುವೆ ಕಥೆ ತಾನಾಗಿ ಓಡುತ್ತದೆ. ಹೆಂಗಸರ ಪಾತ್ರಗಳು ಮಾತ್ರ ತೀರಾ ತೆಳು, ಕಥೆಗೆ ಬೇಕಾದಾಗ ಬಂದು ಹೋಗುತ್ತವೆ.

ವಿವರದ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ಥ್ರಿಲ್ಲರ್ ಬರೆಯುವವರು ಬೇಗ ಸಿಕ್ಕಿಬೀಳುವುದು ವೈದ್ಯಕೀಯ ವಿವರಗಳಲ್ಲಿ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು "ಸಾವು ಸಂಭವಿಸಿದ್ದು ರಾತ್ರಿ 9.10ರಿಂದ 9.20ರ ನಡುವೆ" ಅಂದರೆ ನನಗೆ ಆ ಪುಸ್ತಕದ ಮೇಲಿನ ನಂಬಿಕೆ ಅಲ್ಲಿಗೇ ಅರ್ಧ ಹೋಗುತ್ತದೆ. ಸತ್ತ ಮೇಲೆ ದೇಹದ ಉಷ್ಣತೆ ಗಂಟೆಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಸೆಲ್ಸಿಯಸ್‌ನಂತೆ ಇಳಿಯುತ್ತದೆ ಅನ್ನುವುದು ಒರಟು ಲೆಕ್ಕ. ಮೈಮೇಲಿನ ಬಟ್ಟೆ, ದೇಹದ ತೂಕ, ಕೋಣೆಯ ಬಿಸಿ ತಂಪು ಎಲ್ಲವೂ ಅದನ್ನು ಏರುಪೇರು ಮಾಡುತ್ತವೆ. ದೇಹ ಸೆಟೆಯಲು ತೊಡಗುವುದು 2ರಿಂದ 4 ಗಂಟೆಯೊಳಗೆ, ಪೂರ್ತಿ ಸೆಟೆಯಲು ಸುಮಾರು 12 ಗಂಟೆ. ಅದೂ ವಾತಾವರಣದ ಮೇಲೆ ಹಿಂದೆಮುಂದೆ ಆಗುತ್ತದೆ. ಹಾಗಾಗಿ ವೈದ್ಯರು ಕೊಡಬಹುದಾದದ್ದು ಕೆಲವು ಗಂಟೆಗಳ ಅಂದಾಜು ಅಷ್ಟೇ. ಕ್ಲೋರೋಫಾರ್ಮ್ ಅದ್ದಿದ ಕರವಸ್ತ್ರ ಮೂಗಿಗಿಟ್ಟ ಕೂಡಲೇ ಯಾರೂ ಕುಸಿಯುವುದಿಲ್ಲ, ಅದಕ್ಕೆ ನಿಮಿಷಗಳೇ ಹಿಡಿಯುತ್ತವೆ. ಬಂದೂಕಿನ ಸೈಲೆನ್ಸರ್ ಸದ್ದನ್ನು ಸಾಮಾನ್ಯವಾಗಿ 20ರಿಂದ 35 ಡೆಸಿಬೆಲ್‌ನಷ್ಟು ತಗ್ಗಿಸೀತು. 160 ಡೆಸಿಬೆಲ್ ಆಸುಪಾಸಿನ ಸದ್ದಿನಲ್ಲಿ ಅಷ್ಟು ಕಳೆದರೂ ಪಕ್ಕದ ಕೋಣೆಯವನು ಬೆಚ್ಚಿ ಏಳುತ್ತಾನೆ. ಇವು ಸಣ್ಣ ತಪ್ಪುಗಳಲ್ಲ. ಕಥೆಯ ಗಂಟು ಇಂಥ ಒಂದು ವಿವರದ ಮೇಲೆ ನಿಂತಿದ್ದರೆ, ವಿವರ ಸುಳ್ಳಾದ ಕ್ಷಣ ಗಂಟೂ ಸಡಿಲವಾಗುತ್ತದೆ.

ಈಗ ಹೊಸ ಕಾಲದ ಮೂರು ಪುಸ್ತಕಗಳು. ಮೂರರಲ್ಲೂ ಕಥೆ ಹೇಳುವವರನ್ನು ಪೂರ್ತಿ ನಂಬುವಂತಿಲ್ಲ.

ಗಿಲಿಯನ್ ಫ್ಲಿನ್‌ಳ 'ಗಾನ್ ಗರ್ಲ್' (2012) ಇವುಗಳಲ್ಲಿ ಬಲು ಗಟ್ಟಿ. ಒಂದು ಅಧ್ಯಾಯ ಗಂಡ ನಿಕ್‌ನದು, ಹೆಂಡತಿ ಕಾಣೆಯಾದ ದಿನದಿಂದ ಮುಂದಕ್ಕೆ. ಮರು ಅಧ್ಯಾಯ ಹೆಂಡತಿ ಏಮಿಯ ಡೈರಿ, ಹಲವು ವರ್ಷ ಹಿಂದಿನಿಂದ ಈಚೆಗೆ. ಎರಡು ಕಾಲಗಳು ಒಂದನ್ನೊಂದು ಸಮೀಪಿಸುವುದೇ ಮೊದಲರ್ಧದ ಬಿಗಿ. ದೊಡ್ಡ ತಿರುವನ್ನು ಫ್ಲಿನ್ ಕೊನೆಗೆ ಇಟ್ಟಿಲ್ಲ, ನಡುವಿನಲ್ಲೇ ಒಡೆದು ಹಾಕುತ್ತಾಳೆ. ಆಮೇಲೆ "ಏನಾಯಿತು" ಎಂಬ ಪ್ರಶ್ನೆಯ ಜಾಗದಲ್ಲಿ "ಈ ಇಬ್ಬರಲ್ಲಿ ಗೆಲ್ಲುವವರು ಯಾರು" ಎಂಬುದು ಬಂದು ಕೂರುತ್ತದೆ. ಸಪ್ಪೆಯಾಗುವ ಕೊನೆಯ ಐವತ್ತು ಪುಟದ ರೋಗಕ್ಕೆ ಇದೇ ಮದ್ದು. ತಿರುವನ್ನು ಕೊನೆಯವರೆಗೆ ಕಾದಿಟ್ಟರೆ, ಅದಾದ ಮೇಲೆ ಉಳಿಯುವುದು ಅಪರಾಧಿ ನಿಂತುಕೊಂಡು ಎಲ್ಲವನ್ನೂ ವಿವರಿಸುವ ಭಾಷಣ ಮಾತ್ರ.

ಪೌಲಾ ಹಾಕಿನ್ಸ್‌ಳ 'ದಿ ಗರ್ಲ್ ಆನ್ ದ ಟ್ರೈನ್' (2015) ಆ ಮಟ್ಟಕ್ಕೆ ಏರುವುದಿಲ್ಲ. ದಿನವೂ ರೈಲಿನ ಕಿಟಕಿಯಿಂದ ಅಪರಿಚಿತರ ಸಂಸಾರವನ್ನು ನೋಡುವ ರೇಚಲ್ ಕುಡಿತದಿಂದ ನೆನಪು ಕಳೆದುಕೊಂಡವಳು. ಅವಳ ಒಂಟಿತನ, ನಾಚಿಕೆ, ಮತ್ತೆ ಕುಡಿಯಬಾರದು ಎಂಬ ಶಪಥ ಮುರಿಯುವ ರೀತಿ, ಇವು ಮನಸ್ಸಿಗೆ ನಾಟುತ್ತವೆ. ಆದರೆ ಅವಳ ಮರೆವೇ ಕಥೆಯ ಬೀಗ. ಆ ಬೀಗ ತೆರೆಯುವುದು ಅವಳು ಪತ್ತೆ ಹಚ್ಚಿದ್ದರಿಂದ ಅನ್ನುವುದಕ್ಕಿಂತ ಲೇಖಕಿಗೆ ಬೇಕಾದ ಹೊತ್ತಿಗೆ ನೆನಪು ಮರಳುವುದರಿಂದ. ಮೂವರು ಹೆಂಗಸರು ಕಥೆ ಹೇಳಿದರೂ ದನಿ ಒಂದೇ. ಹೆಸರು ಮುಚ್ಚಿ ಒಂದು ಪ್ಯಾರಾ ಓದಿದರೆ ಮೇಗನ್ ಯಾರು, ಆ್ಯನಾ ಯಾರು ಅಂತ ತಿಳಿಯುವುದು ಕಷ್ಟ.

ಅಲೆಕ್ಸ್ ಮೈಕೆಲಿಡಿಸ್‌ನ 'ದಿ ಸೈಲೆಂಟ್ ಪೇಷಂಟ್' (2019) ಬಗ್ಗೆ ನನ್ನದು ಎರಡು ಮನಸ್ಸು. ಗಂಡನಿಗೆ ಐದು ಗುಂಡು ಹೊಡೆದು ಆಮೇಲೆ ಒಂದು ಮಾತೂ ಆಡದ ಚಿತ್ರಕಲಾವಿದೆ, ಅವಳ ಬಾಯಿ ಬಿಡಿಸಲು ಬರುವ ಮನೋಚಿಕಿತ್ಸಕ. ಶುರು ಮಾಡಿದರೆ ಕೆಳಗಿಡಲಾಗದು. ಕೊನೆಯ ತಿರುವೂ ಜಾಣತನದ್ದು, ಅದು ನಿಂತಿರುವುದು ನಾವಾಗಿಯೇ ಮಾಡಿಕೊಂಡ ಒಂದು ಊಹೆಯ ಮೇಲೆ. ತಕರಾರು ಕಥೆಯ ನಡುನಡುವೆ ಬರುವ ಆ ಕಲಾವಿದೆಯ ಡೈರಿಯದು. ಡೈರಿ ಬರೆಯುವವರು ಪುಟಗಟ್ಟಲೆ ಸಂಭಾಷಣೆಯನ್ನು ಪದಕ್ಕೆ ಪದ, ಉದ್ಧರಣ ಚಿಹ್ನೆ ಹಾಕಿ ಬರೆಯುತ್ತಾರೆಯೇ? ಚಿಕಿತ್ಸಕ ತನ್ನ ರೋಗಿಯ ಬಂಧುಬಳಗದ ಮನೆಗಳಿಗೆ ಹೋಗಿ ಪತ್ತೇದಾರಿ ನಡೆಸುವುದೂ ಆ ವೃತ್ತಿಯ ಮಿತಿ ಮೀರಿದ್ದು. ಅದಕ್ಕೆ ಕಥೆಯೊಳಗೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಸುತ್ತಲಿನವರು ಅವನನ್ನು ತಡೆಯುವ ಬಿಗಿ ಸಾಲದು.

ಇಂಗ್ಲಿಷ್ ಪತ್ತೇದಾರಿ ಕಾದಂಬರಿಕಾರ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದ. ಮೊದಲನೆಯದೇ, ಅಪರಾಧಿ ಕಥೆಯ ಶುರುವಿನಲ್ಲೇ ಕಾಣಿಸಿಕೊಂಡಿರಬೇಕು, ಆದರೆ ನಾವು ಯಾರ ಮನಸ್ಸಿನೊಳಗೆ ಹೊಕ್ಕು ನೋಡಿದ್ದೇವೋ ಅವನಾಗಿರಬಾರದು. ಇವತ್ತಿನ ಥ್ರಿಲ್ಲರ್ ಈ ಎರಡನೇ ಅರ್ಧವನ್ನು ಎಗ್ಗಿಲ್ಲದೆ ಮುರಿಯುತ್ತದೆ. ಮುರಿಯಲಿ, ನನಗೆ ಅಡ್ಡಿಯಿಲ್ಲ. ಮನಸ್ಸಿನಲ್ಲಿರುವ ಒಂದನ್ನು ಹೇಳದೇ ಬಿಡುವುದು ಬೇರೆ, ಇಲ್ಲದ್ದನ್ನು ಇದೆ ಎಂದು ಹೇಳುವುದು ಬೇರೆ. ಕಾಕತಾಳೀಯಕ್ಕೂ ಇಂಥದ್ದೇ ಗೆರೆ ಎಳೆಯುತ್ತೇನೆ. ಅದು ನಾಯಕನನ್ನು ಕಷ್ಟಕ್ಕೆ ಸಿಕ್ಕಿಸಿದರೆ ಸರಿ, ಕಷ್ಟದಿಂದ ಪಾರು ಮಾಡಿದರೆ ಮೋಸ.

ನಮ್ಮಲ್ಲೇ ತೇಜಸ್ವಿಯವರ 'ಜುಗಾರಿ ಕ್ರಾಸ್' ಇದೆ, ಮತ್ತೆ ಓದಿ ನೋಡು. ಪತ್ತೇದಾರನೂ ಇಲ್ಲ, ಹಂತಕನ ಪಳಗಿದ ಕೈಯೂ ಇಲ್ಲ. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿಯನ್ನು ಸುಮಾರು ಒಂದು ದಿನದ ಅವಧಿಯೊಳಗೆ ಆತಂಕ ಮುತ್ತಿಕೊಳ್ಳುತ್ತದೆ. ನಡುನಡುವಿನ ನಗು ಬಿಗಿಯನ್ನು ಸಡಿಲ ಮಾಡುತ್ತದೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಗುತ್ತಾ ಹತ್ತಿರವಾದವರಿಗೆ ಅಪಾಯ ಬಂದಾಗಲೇ ನಮಗೆ ಹೆಚ್ಚು ಭಯ.

ನೀನು 'ಸಸ್ಪೆಕ್ಟ್ ಎಕ್ಸ್'ನಿಂದ ಶುರು ಮಾಡು. ಆಮೇಲೆ 'ಗಾನ್ ಗರ್ಲ್'. ಅದರ ಬಗ್ಗೆ ಎಲ್ಲಿಯೂ ಏನೂ ಓದಬೇಡ, ಹಿಂಬದಿಯ ರಕ್ಷಾಪುಟವನ್ನೂ ಬಿಡು. 'ಗರ್ಲ್ ಆನ್ ದ ಟ್ರೈನ್' ಹಿಡಿದರೆ ಅಧ್ಯಾಯದ ತಲೆಯಲ್ಲಿರುವ ಹೆಸರು, ದಿನಾಂಕಗಳನ್ನು ಹಾರಿಸಬೇಡ. ಮೇಗನ್‌ಳ ಕಥೆ ಸುಮಾರು ಒಂದು ವರ್ಷ ಹಿಂದಿನಿಂದ ಶುರುವಾಗುತ್ತದೆ, ಅದನ್ನು ಗಮನಿಸದಿದ್ದರೆ ದಾರಿ ತಪ್ಪುತ್ತದೆ. 'ಜಾಕಲ್' ಪುಸ್ತಕದ ಆರಂಭದಲ್ಲಿ ಫ್ರಾನ್ಸಿನ ರಾಜಕೀಯವೇ ತುಂಬಿದೆ, ನಿಧಾನ ಅನ್ನಿಸುತ್ತದೆ, ಆದರೂ ಬಿಡಬೇಡ. ಡಿ ಗಾಲ್‌ನನ್ನು ಕೊಲ್ಲಿಸಬೇಕೆಂದವರಿಗೆ ಹೊರಗಿನ ಹಂತಕನೊಬ್ಬ ಯಾಕೆ ಬೇಕಾಯಿತು, ತಮ್ಮವರಿಂದಲೇ ಆ ಕೆಲಸ ಯಾಕೆ ಆಗಲಿಲ್ಲ ಅನ್ನುವುದು ತಿಳಿಯುವುದು ಅಲ್ಲಿಯೇ.

ಇಂತಿ,
ನಿನ್ನ ಗೆಳೆಯ