ಡ್ರೋನ್ ಹಾರಿಸುವವರಿಗೆ ಬಯಲು ಖಾಲಿಯಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಓದುಗರ ಛಾಯಾಚಿತ್ರಗಳಿಗೆ ಮೀಸಲಾದ ಜಾಗದಲ್ಲಿ ಈಚೆಗೆ ಡ್ರೋನ್‌ನಿಂದ ತೆಗೆದ ಹೊಲ, ಕೆರೆ, ಬೆಟ್ಟಗಳ ಚಿತ್ರಗಳು ಹೆಚ್ಚು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿವೆ. ಕೆಲವು ವರ್ಷಗಳಿಂದ ಹವ್ಯಾಸಕ್ಕಾಗಿ ಡ್ರೋನ್ ಹಾರಿಸುತ್ತಿರುವ ನಾನು ಅವುಗಳನ್ನು ಸಂತೋಷದಿಂದಲೇ ನೋಡುತ್ತೇನೆ. ಆದರೆ ಊರಾಚೆ ಹಾರಿಸಲು ಯಾರ ಅಪ್ಪಣೆಯೂ ಬೇಡ, ಯಾವ ನಿಯಮವೂ ಅಲ್ಲಿ ಅನ್ವಯಿಸದು ಎಂಬ ನಂಬಿಕೆ ಹೊಸದಾಗಿ ಡ್ರೋನ್ ಕೊಂಡವರಲ್ಲಿ ಬೇರೂರುತ್ತಿರುವುದನ್ನು ಕಂಡು ಈ ಪತ್ರ ಬರೆಯಬೇಕೆನಿಸಿತು.

ನೆಲದಿಂದ 120 ಮೀಟರ್, ಅಂದರೆ ಸುಮಾರು 400 ಅಡಿ ಎಂಬ ಎತ್ತರದ ಮಿತಿ ಭಾರತ, ಅಮೆರಿಕ, ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದಲ್ಲಿ ಹೆಚ್ಚುಕಡಿಮೆ ಒಂದೇ ಆಗಿದೆ. ಡ್ರೋನ್ ಹಾರಿಸುವವರ ಕಣ್ಣಳತೆಯಲ್ಲೇ ಇರಬೇಕೆಂಬ ನಿಯಮವೂ ಹಾಗೆಯೇ. ಹಳ್ಳಿಗಾಡು ಎಂಬ ಕಾರಣಕ್ಕೆ ಇದರಲ್ಲಿ ರಿಯಾಯಿತಿ ಇಲ್ಲ. ರೋಗಿಗಳನ್ನು ಸಾಗಿಸುವ ಹೆಲಿಕಾಪ್ಟರ್, ಬೆಳೆಗೆ ಔಷಧಿ ಸಿಂಪಡಿಸುವ ವಿಮಾನ, ಪ್ಯಾರಾಗ್ಲೈಡರ್‌ಗಳು ತಗ್ಗಿನಲ್ಲಿ ಹಾರುವುದು ಇಂಥ ಬಯಲುಗಳ ಮೇಲೆಯೇ.

ಈ ಎತ್ತರದ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೇನೆ. ಒಮ್ಮೆ ಗುಡ್ಡದ ನೆತ್ತಿಯಿಂದ ಡ್ರೋನ್ ಏರಿಸಿ, ಕೆಳಗಿನ ಕಣಿವೆಯ ಕಡೆಗೆ ಸಾಗಿಸಿದೆ. ರಿಮೋಟ್‌ನ ಪರದೆಯಲ್ಲಿ 90 ಮೀಟರ್ ಎಂದಿತ್ತು, ನಾನು ನಿಶ್ಚಿಂತನಾಗಿದ್ದೆ. ಪರದೆ ತೋರಿಸುವುದು ಡ್ರೋನ್ ಮೇಲೆದ್ದ ಜಾಗದಿಂದ ಅಳೆದ ಎತ್ತರವನ್ನೇ ಹೊರತು, ಅದರ ನೇರ ಕೆಳಗಿರುವ ನೆಲದಿಂದ ಅಳೆದದ್ದನ್ನಲ್ಲ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದು ನಕ್ಷೆ ನೋಡಿದ ಮೇಲೆ. ಅಲ್ಲಿ ಇಳಿಜಾರು 80 ಮೀಟರ್ ಕುಸಿದಿತ್ತು. ಅಂದರೆ ನನ್ನ ಡ್ರೋನ್ 170 ಮೀಟರ್ ಎತ್ತರದಲ್ಲಿತ್ತು. ಕಾನೂನು ಎಣಿಸುವುದು ಈ ಎರಡನೆಯ ಲೆಕ್ಕವನ್ನು. ಇದೇ ಲೆಕ್ಕ ತಿರುಗಿದರೆ, ಅಂದರೆ ಬುಡದಿಂದ ಏರಿಸಿ ಗುಡ್ಡದತ್ತ ಸಾಗಿಸಿದರೆ, ಪರದೆಯಲ್ಲಿ ಸಾಕಷ್ಟು ಎತ್ತರ ಕಾಣುತ್ತಿರುವಾಗಲೇ ಡ್ರೋನ್ ಮರದ ತುದಿಗೆ ಬಡಿಯಬಹುದು.

ತೂಕದ ಬಗೆಗೂ ಇಷ್ಟೇ ಗೊಂದಲವಿದೆ. ಭಾರತದ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೆ, ಮತ್ತು ವಾಣಿಜ್ಯ ಉದ್ದೇಶವಿಲ್ಲದೆ ಹಾರಿಸುವ 2 ಕೆ.ಜಿ.ವರೆಗಿನ ಮೈಕ್ರೊ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಈ ವಿನಾಯಿತಿ ಪ್ರಮಾಣಪತ್ರಕ್ಕೆ ಮಾತ್ರ. ಹಾರಾಟ ನಿರ್ಬಂಧಿಸಿರುವ ಕೆಂಪು ವಲಯದಲ್ಲಿ ಹಾರಿಸಲು ಕೇಂದ್ರ ಸರ್ಕಾರದ ಅನುಮತಿ ಬೇಕೇ ಬೇಕು. ವಲಯಗಳು ಬದಲಾಗುತ್ತಿರುತ್ತವೆಯಾದ್ದರಿಂದ ಕಳೆದ ವಾರ ಹಸಿರಾಗಿದ್ದ, ಅಂದರೆ ಅನುಮತಿಯಿಲ್ಲದೆ ಹಾರಿಸಬಹುದಾಗಿದ್ದ ಜಾಗವನ್ನೂ ಇಂದು ಹೊರಡುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಮತ್ತೆ ನೋಡಬೇಕು. 249 ಗ್ರಾಂನ ಡ್ರೋನ್‌ಗೆ ದೊಡ್ಡ ಬ್ಯಾಟರಿ ಹಾಕಿದರೆ ಅದರ ವರ್ಗವೇ ಬದಲಾಗುತ್ತದೆ ಎಂಬುದನ್ನೂ ಹಲವರು ಮರೆಯುತ್ತಾರೆ.

ಇನ್ನು ನಕ್ಷೆಯಲ್ಲಿ ಕಾಣದ ಸಂಗತಿಗಳು. ಒಮ್ಮೆ ಹುಲ್ಲುಗಾವಲಿನ ಮೇಲೆ ಡ್ರೋನ್ ತಗ್ಗಿಸಿದಾಗ ಕರುವಿನ ಜೊತೆಗಿದ್ದ ಹಸುವೊಂದು ಮೇಯುವುದನ್ನು ಬಿಟ್ಟು, ಕಿವಿ ನಿಮಿರಿಸಿ, ಗೂಟದ ಹಗ್ಗ ಬಿಗಿಯುವಷ್ಟು ಹಿಂದೆ ಸರಿದದ್ದನ್ನು ಪರದೆಯಲ್ಲೇ ಕಂಡೆ. ತಕ್ಷಣ ಡ್ರೋನ್ ಹಿಂದಕ್ಕೆ ಕರೆದುಕೊಂಡೆ. ಹಸು ತನ್ನ ಭಯವನ್ನು ತೋರಿಸಿತು, ಎಲ್ಲ ಪ್ರಾಣಿಗಳೂ ತೋರಿಸುವುದಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಕಪ್ಪು ಕರಡಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡ್ರೋನ್ ಬಂದಾಗ ಕರಡಿಗಳು ಬಹುತೇಕ ಅಲುಗಾಡದೆ ಇದ್ದರೂ ಅವುಗಳ ಎದೆಬಡಿತ ತೀವ್ರವಾಗಿ ಏರಿದ್ದು ಕಂಡುಬಂತು. 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾ ಸಂರಕ್ಷಿತ ಪ್ರದೇಶದಲ್ಲಿ ಡ್ರೋನ್ ಒಂದು ಬಿದ್ದಾಗ ಟರ್ನ್ ಎಂಬ ಕಡಲ ಹಕ್ಕಿಗಳ ಹಿಂಡು ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನು ತೊರೆದು ಹೋಯಿತು.

ಜಮೀನಿನ ಒಡೆಯರನ್ನು ಕೇಳುವುದೂ ಈ ಹವ್ಯಾಸದ ಭಾಗವೇ. ವಾಯುಪ್ರದೇಶಕ್ಕೆ ಸಿಕ್ಕ ಅನುಮತಿ, ಇನ್ನೊಬ್ಬರ ಹೊಲದಲ್ಲಿ ನಿಂತು ಡ್ರೋನ್ ಏರಿಸಲು ಸಿಕ್ಕ ಅನುಮತಿಯಲ್ಲ. ಕಳೆ ಕೀಳುತ್ತಿರುವವರಿಗೆ ನೆತ್ತಿಯ ಮೇಲೆ ಗುಂಯ್‌ಗುಡುವ ಕ್ಯಾಮೆರಾ ಯಾರದೆಂದು, ಯಾತಕ್ಕೆಂದು ತಿಳಿಯದು. ಮೊದಲೇ ಹೋಗಿ ಮಾತಾಡಿಸಿ, ಏನು ಚಿತ್ರಿಸುತ್ತೇವೆಂದು ಹೇಳಿದರೆ ಬೇಡವೆಂದವರು ನನ್ನ ಅನುಭವದಲ್ಲಿ ಬಹಳ ಕಡಿಮೆ. ಬೇಡವೆಂದ ಕಡೆ ನಾನು ಹಾರಿಸಿಲ್ಲ.

ಹಾಗಾಗಿ ನಿಮ್ಮಲ್ಲಿ ಒಂದು ವಿನಂತಿ. ಡ್ರೋನ್ ಚಿತ್ರಗಳನ್ನು ಸ್ವೀಕರಿಸುವಾಗ, ಚಿತ್ರ ತೆಗೆದ ಸ್ಥಳ ಮತ್ತು ದಿನ, ಅಂದು ಅಲ್ಲಿ ಹಾರಾಟಕ್ಕೆ ಅವಕಾಶವಿತ್ತೇ, ಜಮೀನಿನವರ ಒಪ್ಪಿಗೆ ಪಡೆಯಲಾಗಿತ್ತೇ ಎಂಬುದನ್ನು ಕಳುಹಿಸಿದವರಿಂದ ಬರಹದಲ್ಲಿ ಕೇಳಿ ಪಡೆಯಬೇಕು. ಪಕ್ಷಿಗಳು ಗೂಡು ಕಟ್ಟಿರುವ ಜಾಗಗಳನ್ನು ಹತ್ತಿರದಿಂದ ತೆಗೆದ ಚಿತ್ರಗಳನ್ನು, ಅವು ಎಷ್ಟೇ ಸುಂದರವಾಗಿದ್ದರೂ, ದಯವಿಟ್ಟು ಪ್ರಕಟಿಸಬೇಡಿ.

ಇಂತಿ,
ಓರ್ವ ಹವ್ಯಾಸಿ ಡ್ರೋನ್ ಛಾಯಾಗ್ರಾಹಕ