‘ಇವತ್ತೇ ಏಕೆ?’ ಎಂದು ಕೇಳಿಕೊಳ್ಳಿ

ಪ್ರಿಯ ಮಿತ್ರರೇ,

ನಿಮ್ಮ ಕಾದಂಬರಿಯ ನಾಯಕ ‘ನಾನು ಯಾರು’ ಎಂದು ಕೇಳಿಕೊಂಡು ಮನೆ ಬಿಡುತ್ತಾನೆ. ಬಿಡಲಿ. ಆದರೆ ಇವತ್ತೇ ಏಕೆ? ಹೋದ ವರ್ಷ ಯಾಕೆ ಹೊರಡಲಿಲ್ಲ? ಇದಕ್ಕೆ ಒಂದೇ ವಾಕ್ಯದ ಉತ್ತರ ಹೊಳೆಯುವವರೆಗೆ ಎರಡನೇ ಅಧ್ಯಾಯಕ್ಕೆ ಕೈ ಹಾಕಬೇಡಿ.

ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಈ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಿ. ಅದರ ನಾಯಕ ಪ್ರಾಣೇಶಾಚಾರ್ಯರಿಗೆ ಮೊದಲು ಎದುರಾಗುವುದು ಆತ್ಮದ ಪ್ರಶ್ನೆಯಲ್ಲ, ಒಂದು ಹೆಣ. ಅದಕ್ಕೆ ಸಂಸ್ಕಾರ ಮಾಡಬೇಕಾದವರು ಯಾರೆಂದು ಅವರು ತೀರ್ಮಾನಿಸಬೇಕು. ಅಲ್ಲಿಯವರೆಗೆ ಅಗ್ರಹಾರದವರು ಉಣ್ಣುವಂತಿಲ್ಲ. ಗ್ರಂಥಗಳು ಕೈಕೊಡುತ್ತವೆ, ದೇವರೂ ಅಪ್ಪಣೆ ಕೊಡುವುದಿಲ್ಲ, ಹೆಣ ನಾರತೊಡಗುತ್ತದೆ. ತಮ್ಮೊಳಗನ್ನು ನೋಡಿಕೊಳ್ಳದೆ ಅವರಿಗೆ ಬೇರೆ ದಾರಿಯೇ ಉಳಿಯುವುದಿಲ್ಲ. ನಿಮ್ಮ ನಾಯಕನಿಗೂ ಇಂಥದೊಂದು ತುರ್ತು ಬೇಕು.

ಕರಡಿನಲ್ಲಿ ಆತ್ಮ, ಶೂನ್ಯ, ಮೌನ, ಬೆಳಕು, ಅನಂತ ಎಂಬ ಮಾತುಗಳು ಬಂದಲ್ಲೆಲ್ಲ ಗೆರೆ ಎಳೆಯಿರಿ. ಅವನ್ನು ಹೊಡೆದುಹಾಕಿ ಪುಟವನ್ನು ಗಟ್ಟಿಯಾಗಿ ಓದಿ. ಏನೂ ಉಳಿಯದಿದ್ದರೆ ಅಲ್ಲಿ ಘಟನೆಯೇ ಇರಲಿಲ್ಲ, ಹೊಸದಾಗಿ ಬರೆಯಿರಿ.

ನಾಯಕನಿಗೆ ಅರಿವು ಕತೆಯ ಯಾವ ಹಂತದಲ್ಲಿ ಬರಬೇಕು ಎಂಬಲ್ಲೇ ಹೆಚ್ಚಿನವರು ಎಡವುವುದು. ಕೊನೆಯ ಪುಟಕ್ಕೆ ಇಟ್ಟರೆ ಅದು ನಿಜವೋ, ಆ ಹೊತ್ತಿನ ಆವೇಶವೋ ಓದುಗರಿಗೆ ತಿಳಿಯುವುದಿಲ್ಲ. ಮೂರರಲ್ಲಿ ಎರಡು ಪಾಲು ಕತೆ ಮುಗಿದಾಗ ತನ್ನಿ. ಆಮೇಲೆ ಅವನು ಮೊದಲು ಸೋತ ಸಂದರ್ಭದಂಥದೇ ಇನ್ನೊಂದನ್ನು ಎದುರಿಗಿಡಿ: ಆರಂಭದಲ್ಲಿ ಅಣ್ಣನಿಗೆ ಸುಳ್ಳು ಹೇಳಿದ್ದರೆ, ಮತ್ತೆ ಅಣ್ಣನ ಮುಂದೆಯೇ ನಿಲ್ಲಲಿ. ಅರ್ಧ ನಿಜ ಹೇಳಿ ಹಿಂಜರಿದರೂ ಸರಿ. ಪೂರ್ತಿ ಬದಲಾದವನಿಗಿಂತ ಇಂಥವನನ್ನೇ ನಾನು ಹೆಚ್ಚು ನಂಬುತ್ತೇನೆ. ಪ್ರಾಣೇಶಾಚಾರ್ಯರೂ ಕೊನೆಗೆ ಉತ್ತರ ಪಡೆದವರಲ್ಲ, ಆತಂಕದಲ್ಲೇ ಗಾಡಿಯಲ್ಲಿ ಕೂತವರು.

ಉತ್ತಮ ಪುರುಷದಲ್ಲಿ, ಅಂದರೆ ನಾಯಕನೇ ‘ನಾನು’ ಎಂದು ಹೇಳುವಂತೆ ಬರೆಯುವುದಾದರೆ ಇನ್ನೊಂದು ತೊಡಕಿದೆ. ಕತೆ ಹೇಳುವ ‘ನಾನು’ಗೆ ಕೊನೆ ಗೊತ್ತು, ಅನುಭವಿಸುವ ‘ನಾನು’ಗೆ ಗೊತ್ತಿಲ್ಲ. ಹೇಳುವವನ ತಿಳಿವು ಮೊದಲೇ ಸೋರಿಹೋದರೆ ಹುಡುಕಾಟ ಬರೀ ನಟನೆಯಾಗುತ್ತದೆ. ಎಷ್ಟು ವರ್ಷಗಳ ಮೇಲೆ ಹೇಳುತ್ತಿದ್ದಾನೆ ಎಂದು ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳಿ. ಆ ದಿನ ಅವನಿಗೆ ತಿಳಿದಿರದ ವಿಚಾರ ಆ ದೃಶ್ಯದೊಳಗೆ ನುಗ್ಗಿದ್ದರೆ ತೆಗೆಯಿರಿ.

ಗುರುವಿನ ಪಾತ್ರವಿದ್ದರೆ ಅವರಿಗೂ ಒಂದು ಭಯ, ಒಂದು ಬೇಡಿಕೆ ಕೊಡಿ. ಅವರು ಪ್ಯಾರಾಗಟ್ಟಲೆ ಉಪದೇಶಿಸತೊಡಗಿದರೆ ಮಾತಾಡುತ್ತಿರುವುದು ನೀವೇ. ಯಾರನ್ನಾದರೂ ಒಳಗೆ ಕಳಿಸಿ, ಆ ಮಾತನ್ನು ಅಲ್ಲಿಗೇ ತುಂಡರಿಸಿ.

ವಿಶ್ವಾಸದಿಂದ,
ನಿಮ್ಮ ಹಿರಿಯ ಮಿತ್ರ