ಫಾಲ್ಸಿಗೆ ಬೋರ್ಡ್ ಹಾಕೋ ಬದಲು ಊರಿನವರ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

ಮಳೆ ಹಿಡೀತು ಅಂದ್ರೆ ನಿಮ್ಮ ಪೇಪರ್‌ನಲ್ಲಿ ಎರಡು ಸುದ್ದಿ ಗ್ಯಾರಂಟಿ. ಒಂದು, ತುಂಬಿ ಧುಮುಕೋ ಜೋಗದ ಫೋಟೋ. ಇನ್ನೊಂದು, ಒಳಪುಟದಲ್ಲಿ ಇಂಥಾ ಜಲಪಾತಕ್ಕೆ ಇಂಥಾ ತಾರೀಕಿನವರೆಗೆ ಪ್ರವಾಸಿಗರಿಗೆ ನಿಷೇಧ ಅಂತ. ಆಗುಂಬೆ ಫೋಟೋ ಬಂದ್ರಂತೂ ಕೆಳಗೆ 'ದಕ್ಷಿಣದ ಚಿರಾಪುಂಜಿ' ಅನ್ನೋ ಸಾಲು ಕಾಯಂ. ನಾನು ಆ ಆಗುಂಬೆ ಕಡೆಯವನೇ, ತೀರ್ಥಹಳ್ಳಿ ತಾಲೂಕು, ಅಡಿಕೆ ತೋಟ. ಹೋದ ಮಳೆಗಾಲದಲ್ಲಿ ಮಗಳು ಅಳಿಯ ಹಠ ಹಿಡಿದು ಅಸಲಿ ಚಿರಾಪುಂಜಿಗೇ ಕರ್ಕೊಂಡು ಹೋದ್ರು, ಮಲೆನಾಡಲ್ಲಿ ಇದ್ಕೊಂಡು ಮಳೆ ನೋಡೋಕೆ ಮೇಘಾಲಯಕ್ಕೆ ಹೋಗ್ತೀಯೇನೋ ಅಂತ ಊರಲ್ಲಿ ನಕ್ಕಿದ್ದೇ ನಕ್ಕಿದ್ದು. ಇರಲಿ. ಅಲ್ಲಿ ಒಂದಿಡೀ ದಿನ ಫಾಲ್ಸು, ಗುಹೆ ಅಂತ ಸುತ್ತಾಡಿದಾಗ ಕಂಡ ಒಂದು ವ್ಯವಸ್ಥೆ ನಮ್ಮಲ್ಲಿ ಯಾಕೆ ಆಗಲ್ಲ ಅಂತ ಕೇಳೋಕೆ ಈ ಪತ್ರ.

ಚಿರಾಪುಂಜಿನ ಅಲ್ಲಿನವರು ಸೊಹ್ರಾ ಅಂತಾರೆ. ಶಿಲ್ಲಾಂಗ್‌ನಿಂದ 55 ಕಿಲೋಮೀಟರ್ ಆಸುಪಾಸು, ರೋಡು ಚೆನ್ನಾಗಿದೆ. ಡ್ರೈವರ್ ಹೇಳಿದ, ಇಲ್ಲಿ ಮಳೆ ಜಾಸ್ತಿ ಹೊಡೆಯೋದು ರಾತ್ರಿ ಮತ್ತೆ ನಸುಕಲ್ಲಿ, ಬೆಳಿಗ್ಗೆ ಸ್ವಲ್ಪ ಬಿಡುವು ಕೊಡುತ್ತೆ, ಆಮೇಲೆ ಮೋಡ ಕೂತ್ರೆ ಏನೂ ಕಾಣಲ್ಲ ಸಾರ್, ಬೇಗ ಹೊರಡಿ ಅಂತ. ಅವನು ಹೇಳಿದ್ದು ಸರಿನೇ. ಆಗುಂಬೆಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿದ್ರೆ ನಾವು ಹೆಮ್ಮೆಯಿಂದ ಹೇಳ್ಕೋತೀವಿ, ಸೊಹ್ರಾದಲ್ಲಿ ಸರಾಸರಿ ಹನ್ನೊಂದು ಸಾವಿರದ ಮೇಲೆ, 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ 26 ಸಾವಿರ ಮಿಲಿಮೀಟರ್ ಮೀರಿ ಬಿದ್ದಿದ್ದು ಇವತ್ತಿಗೂ ದಾಖಲೆ. ಬಾಂಗ್ಲಾದೇಶದ ಬಯಲು ದಾಟಿ ಬಂದ ಮೋಡಕ್ಕೆ ಮೊದಲು ಅಡ್ಡ ಸಿಗೋದೇ ಈ ಗುಡ್ಡದ ಗೋಡೆ, ಹಾಗಾಗಿ ಎಲ್ಲಾ ಅಲ್ಲೇ ಸುರಿಯುತ್ತೆ.

ನೊಹ್ಕಲಿಕಾಯ್ ಫಾಲ್ಸ್ ಹತ್ರ ನಾವು ಹೋದಾಗ ಬರೀ ಬಿಳಿ. ಸದ್ದು ಮಾತ್ರ ಕೇಳ್ತಿತ್ತು. ಟಿಕೆಟ್ ದುಡ್ಡು ದಂಡ ಅಂತ ಅಳಿಯ ಗೊಣಗ್ತಾ ಇದ್ದ, ಅಷ್ಟರಲ್ಲಿ ಗಾಳಿ ಬೀಸಿ ಮೋಡ ಸೀಳಿತು ನೋಡಿ, ಮೇಲಿಂದ ಕೆಳಗಿನವರೆಗೆ ಒಂದೇ ನೆಗೆತ, 340 ಮೀಟರ್. ನಮ್ಮ ಜೋಗ 253. ಸಂಪಾದಕರೇ, ಜೋಗದವನಾಗಿ ಅಲ್ಲದಿದ್ರೂ ಶಿವಮೊಗ್ಗ ಜಿಲ್ಲೆಯವನಾಗಿ ಸ್ವಲ್ಪ ಹೊಟ್ಟೆ ಉರೀತು ಅಂತ ಹೇಳ್ಲೇಬೇಕು. ನೊಹ್ಕಲಿಕಾಯ್ ಅನ್ನೋ ಹೆಸರಿನ ಹಿಂದೆ ಒಂದು ಭಯಂಕರ ಕಥೆ ಇದೆ. ಲಿಕಾಯ್ ಅನ್ನೋ ಹೆಂಗಸಿನ ಎರಡನೇ ಗಂಡ ಅವಳ ಮಗುನ ಕೊಂದು ಅಡುಗೆ ಮಾಡಿಟ್ಟಿದ್ದ, ಗೊತ್ತಿಲ್ಲದೆ ಉಂಡು ಅಡಿಕೆ ಹಾಕ್ಕೊಳ್ಳೋಣ ಅಂತ ಬುಟ್ಟಿಗೆ ಕೈ ಹಾಕಿದಾಗ ಮಗುವಿನ ಬೆರಳು ಸಿಕ್ತಂತೆ, ಹುಚ್ಚು ಹಿಡಿದು ಇಲ್ಲಿಂದ ಹಾರಿದ್ಲಂತೆ.

ಅಡಿಕೆ ವಿಷಯ ಬಂತಲ್ಲ, ಬಿಡೋಕಾಗಲ್ಲ. ಅಲ್ಲಿನ ಖಾಸಿ ಜನ ಬಂದವರಿಗೆ ಮೊದಲು ಕೊಡೋದೇ ಎಲೆ ಅಡಿಕೆ, ಕ್ವಾಯ್ ಅಂತಾರೆ. ನಾವು ಬೇಯಿಸಿ ಚೊಗರು ಹಾಕಿ ಒಣಗಿಸಿ ಹಸ, ಬೆಟ್ಟೆ, ರಾಶಿ ಅಂತ ವಿಂಗಡಿಸ್ತೀವಿ, ಅವರು ಹಸಿ ಅಡಿಕೆನೇ ಸೀಳಿ ಸುಣ್ಣ ಹಚ್ಚಿದ ಎಲೆ ಜೊತೆ ಬಾಯಿಗೆ ಹಾಕ್ತಾರೆ. ನಂಗೆ ಕಿವಿ ಬಿಸಿಯಾಗಿ ತಲೆ ಗಿರ್ ಅಂದು ಅಲ್ಲೇ ಕಟ್ಟೆ ಮೇಲೆ ಕೂತ್ಬಿಟ್ಟೆ. ಗದ್ದೆ ಕೆಲಸಕ್ಕೆ ಹೋಗೋ ಹೆಂಗಸರ ಬೆನ್ನ ಮೇಲೆ ಬಿದಿರು ಹೆಣೆದು ನಡುವೆ ಎಲೆ ತುಂಬಿದ ಕ್ನುಪ್ ಅನ್ನೋ ಮಳೆ ಹೊದಿಕೆ, ತಲೆಯಿಂದ ಸೊಂಟದ ಕೆಳಗಿನವರೆಗೆ ಮುಚ್ಚುತ್ತೆ, ಎರಡೂ ಕೈ ಖಾಲಿ. ನಮ್ಮ ಗೊರಬೇ ಅದು! ನಮ್ಮಲ್ಲಿ ಅದು ಈಗ ಹೋಂಸ್ಟೇ ಗೋಡೆ ಮೇಲೆ ನೇತಾಡ್ತಿದೆ, ಅಲ್ಲಿ ಇನ್ನೂ ಮಳೆಗೆ ಒಡ್ಡಿಕೊಂಡಿದೆ.

ಮೌಸ್ಮಾಯ್ ಗುಹೆ ಸುಣ್ಣದ ಕಲ್ಲಿನದ್ದು, ಒಳಗೆ ಲೈಟ್ ಹಾಕಿರೋದು ಒಂದು ನೂರೈವತ್ತು ಮೀಟರ್ ಅಷ್ಟೇ. ಮಧ್ಯದಲ್ಲಿ ಒಂದು ಕಡೆ ಎಷ್ಟು ಇಕ್ಕಟ್ಟು ಅಂದ್ರೆ ನನ್ನಂಥವನು ಹೊಟ್ಟೆ ಒಳಗೆಳ್ಕೊಂಡು ಅಡ್ಡಡ್ಡ ನಡೀಬೇಕು, ತಲೆ ಮೇಲೆ ತಟ ತಟ ನೀರು, ಕಾಲಡಿ ಜಾರಿಕೆ, ಹಿಂದಿನವರು ಬೇಗ ಬೇಗ ಅಂತಾರೆ. ಲೈಟ್ ಇರೋ ಕಡೆ ಮಾತ್ರ ಕಲ್ಲಿಗೆ ಹಸಿರು ಪಾಚಿ ಕಟ್ಟಿತ್ತು, ಆಚೆಗೆ ಬೋಳು ಕಲ್ಲು. ಹತ್ತಿರದಲ್ಲೇ ಮೌಮ್ಲು ಅಂತ ಇನ್ನೊಂದು ಗುಹೆ. ಅಲ್ಲಿನ ಸುಣ್ಣದ ಕಂಬದೊಳಗೆ 4,200 ವರ್ಷದ ಹಿಂದೆ ಮಳೆ ಕೈಕೊಟ್ಟು ದೀರ್ಘ ಬರ ಬಂದಿದ್ದರ ಗುರುತು ಸಿಕ್ಕಿ, ಅಲ್ಲಿಂದ ಇವತ್ತಿನವರೆಗಿನ ಕಾಲಕ್ಕೆ ಭೂವಿಜ್ಞಾನಿಗಳು 2018ರಲ್ಲಿ 'ಮೇಘಾಲಯನ್' ಅಂತ ಹೆಸರಿಟ್ಟಿದಾರೆ. ಜಗತ್ತಿನಲ್ಲೇ ಅತಿ ಜಾಸ್ತಿ ಮಳೆ ಬೀಳೋ ಜಾಗಗಳಲ್ಲಿ ಒಂದಾದ ಕಡೆ ಬರದ ಸಾಕ್ಷಿ ಸಿಗೋದು ಅಂದ್ರೆ!

ಈಗ ಮುಖ್ಯ ವಿಷಯ. ಹೋದ ಹೆಚ್ಚಿನ ಕಡೆ ಗಾಡಿ ನಿಲ್ಲಿಸಿ ಚೀಟಿ ಹರಿದವರು ಊರಿನವರೇ. ದೋರ್ಬಾರ್ ಶ್ನೋಂಗ್ ಅಂತ ಊರಿನ ಸಭೆ, ಪಾರ್ಕಿಂಗ್ ದುಡ್ಡು ಪ್ರವೇಶದ ದುಡ್ಡು ಅದಕ್ಕೆ ಹೋಗುತ್ತೆ, ಕಸಕ್ಕೆ ಬಿದಿರಿನ ಬುಟ್ಟಿ ಇಡೋದೂ ಅವರೇ, ಗುಹೆ ಬಾಯಲ್ಲಿ ಟಾರ್ಚ್ ಹಿಡಿದು ನಿಂತ ಹುಡುಗನೂ ಅದೇ ಊರಿನವನು, ಪಕ್ಕದಲ್ಲಿ ಚಕ್ಕೆ, ಮೆಣಸು, ಜೇನು ಮಾರೋ ಹೆಂಗಸರೂ ಅಲ್ಲಿಯವರೇ. ನೀರು ಏರಿದೆ, ಇವತ್ತು ಕೆಳಗಿಳಿಯಂಗಿಲ್ಲ ಅಂತ ಅವರು ಅಂದ್ರೆ ಮುಗೀತು, ವಾದ ಇಲ್ಲ. ನಮ್ಮ ಕಡೆ ಒಂದು ಫಾಲ್ಸಲ್ಲಿ (ಹೆಸರು ಬೇಡ) ದಾರಿಗೆ ಅಡ್ಡ ಹಗ್ಗ, ನಿಷೇಧ ಅಂತ ಬೋರ್ಡು, ಕಾಯೋಕೆ ಒಬ್ಬ ಗಾರ್ಡು. ಶನಿವಾರ ಭಾನುವಾರ ಗಾಡಿ ಸಾಲುಗಟ್ಟಿ ಬಂದ್ರೆ ಅವನೊಬ್ಬ ಏನು ಮಾಡ್ತಾನೆ ಪಾಪ, ಹಗ್ಗದ ಕೆಳಗೆ ನುಸುಳಿ ಹೋಗ್ತಾರೆ, ಪಾಚಿ ಬಂಡೆ ಮೇಲೆ ರೀಲ್ಸು. ಊರಿನವರು ಬುದ್ಧಿ ಹೇಳಿದ್ರೆ ನೀವ್ಯಾರು ಕೇಳೋಕೆ ಅಂತಾರೆ. ಕಾನೂನು ಪ್ರಕಾರ ನಾವು ಯಾರೂ ಅಲ್ಲ, ಅದೇ ತೊಂದರೆ.

ಅಲ್ಲಿ ಬುಡಕಟ್ಟು ಜನರಿಗೆ ಸ್ವಂತ ಆಡಳಿತದ ಹಕ್ಕು ಕೊಡೋ ಸಂವಿಧಾನದ ಆರನೇ ಅನುಸೂಚಿ ಇದೆ, ಬಹುಪಾಲು ಕಾಡು, ನೆಲ ಊರಿನದ್ದು, ಕುಲದ್ದು, ಇಲ್ಲಿ ಎಲ್ಲಾ ರಿಸರ್ವ್ ಫಾರೆಸ್ಟು, ಹೋಲಿಸಬೇಡಿ ಅಂತ ಇಲಾಖೆಯವರು ಹೇಳಬಹುದು. ಒಪ್ತೀನಿ. ಆದ್ರೆ ನಮ್ಮಲ್ಲೂ 1993ರಿಂದ ಇಲಾಖೆ ಜೊತೆ ಊರಿನವರೂ ಸೇರಿ ಕಾಡು ನೋಡ್ಕೊಳ್ಳೋ ಗ್ರಾಮ ಅರಣ್ಯ ಸಮಿತಿ ಅಂತ ಒಂದಿದೆಯಲ್ಲ, ಗಿಡ ನೆಡೋಕೆ, ಸಹಿ ಹಾಕೋಕೆ ನೆನಪಾಗೋ ಆ ಸಮಿತಿಗೆ ಮಳೆಗಾಲದ ಜಲಪಾತ ವಹಿಸಿಕೊಡೋಕೆ ಏನು ಅಡ್ಡಿ? ದಿನಕ್ಕೆ ಇಷ್ಟೇ ಗಾಡಿ, ಊರಿನ ಗೈಡ್ ಇಲ್ದೆ ಇಳಿಯೋಕೆ ಬಿಡಲ್ಲ ಅಂತ ಅವರೇ ನೋಡ್ಕೊಳ್ಳಲಿ, ಬಂದ ದುಡ್ಡಲ್ಲಿ ಕಾಲುಸಂಕ ಮಾಡ್ಕೊಳ್ಳಲಿ. ಹಳ್ಳದ ನೀರು ಕೆಂಪಾಗಿ ಕಸಕಡ್ಡಿ ತೇಲಿ ಬಂತು ಅಂದ್ರೆ ಮೇಲೆ ಎಲ್ಲೋ ಜೋರು ಮಳೆಯಾಗಿದೆ, ಇನ್ನು ಸ್ವಲ್ಪ ಹೊತ್ತಲ್ಲಿ ಹಳ್ಳ ಏರುತ್ತೆ ಅಂತ ಇಲ್ಲಿನ ಸಣ್ಣ ಮಕ್ಕಳಿಗೂ ಗೊತ್ತು, ಬೆಂಗಳೂರಿಂದ ಬಂದ ಹುಡುಗರಿಗೆ ಅಲ್ಲಿ ಬಿಸಿಲಿದೆ ಅನ್ನೋದು ಮಾತ್ರ ಕಾಣುತ್ತೆ. ನಿಷೇಧನೇ ಬೇಡ ಅಂತ ನಾನು ಹೇಳ್ತಿಲ್ಲ, ರೆಡ್ ಅಲರ್ಟ್ ಇದ್ದಾಗ ಮುಚ್ಚಲೇಬೇಕು. ಇಡೀ ಮಳೆಗಾಲ ಮುಚ್ಚಿಟ್ಟು ಜನವರಿಲಿ ತೆಗೆದ್ರೆ ನೋಡೋಕೆ ಏನಿರುತ್ತೆ, ಬಂಡೆ.

ಸೊಹ್ರಾ ಸ್ವರ್ಗ ಏನಲ್ಲ. ವ್ಯೂ ಪಾಯಿಂಟ್ ಕಂಬಿ ಬಗ್ಗಿ ನೋಡಿದ್ರೆ ಕೆಳಗೆ ಕುರ್ಕುರೆ ಪ್ಯಾಕೆಟ್ಟು. ಸುಣ್ಣದ ಕಲ್ಲಿಗೋಸ್ಕರ ಗುಡ್ಡ ಬಗೆದಿದಾರೆ. ಗುಡ್ಡದ ಮೇಲೆ ಮರ ಇಲ್ಲ, ಮಣ್ಣಿನ ಪದರ ತೆಳು, ಬಿದ್ದ ನೀರೆಲ್ಲ ಜಾರಿ ಬಾಂಗ್ಲಾಕ್ಕೆ ಹೋಗುತ್ತೆ, ಚಳಿಗಾಲದಲ್ಲಿ ಕುಡಿಯೋ ನೀರಿಗೆ ಬಿಂದಿಗೆ ಹಿಡಿದು ನಡೀಬೇಕು. ನೊಹ್ಸ್‌ಂಗಿತ್ಯಾಂಗ್ ಅಂತ ಏಳು ಎಳೆಯಾಗಿ ಬೀಳೋ ಫಾಲ್ಸೂ ಮಳೆ ನಿಂತ್ರೆ ಬತ್ತುತ್ತೆ. ನಮ್ಮಲ್ಲೂ ಏಪ್ರಿಲ್‌ಗೆ ತೋಟಕ್ಕೆ ನೀರಿಲ್ಲ ಅನ್ನೋ ಕಾಲ ಬಂದಿರೋದ್ರಿಂದ ಆ ವಿಷಯದಲ್ಲಿ ನಗೋ ಹಾಗಿಲ್ಲ.

ಅರಣ್ಯ ಸಚಿವರು, ನಮ್ಮ ಜಿಲ್ಲೆಯ ಡಿಸಿ ಇದನ್ನ ಓದ್ತಾರೆ ಅಂದ್ಕೊಂಡಿದೀನಿ. ಬರೋ ಮಳೆಗಾಲಕ್ಕೆ ಒಂದೇ ಒಂದು ಜಲಪಾತ ಪ್ರಯೋಗಕ್ಕೆ ಅಂತ ಕೊಟ್ಟು ನೋಡಲಿ. ಪತ್ರ ಉದ್ದ ಆಯ್ತು, ಜಾಗ ಸಾಲದಿದ್ರೆ ಅಡಿಕೆ ವಿಷಯ ಕತ್ತರಿಸಿ ಸಾರ್, ಗ್ರಾಮ ಅರಣ್ಯ ಸಮಿತಿದು ಮಾತ್ರ ಕತ್ತರಿಸಬೇಡಿ.

ಇಂತಿ,
ನಿಮ್ಮ ಹಳೇ ಓದುಗ,
ತೀರ್ಥಹಳ್ಳಿ ತಾಲೂಕು